ಯಾವ ಪರದೆಗೆ ಯಾವ ಚಿತ್ರ

ಮಾವ ಅಂಕೋಲೆಯವರು. ಒಂದು ಕಾಲಕ್ಕೆ ಕೇಬಲ್ ಟಿವಿ ನಡೆಸಿದವರು, ಈಗ ಯಕ್ಷಗಾನ, ಮದುವೆ, ಉತ್ಸವಗಳ ಲೈವ್ ಮಾಡುತ್ತಾರೆ. ಸೊಸೆ ಅವರ ಅಕ್ಕನ ಮಗಳು, ಬೆಂಗಳೂರಿನಲ್ಲಿ ಎಂಬೆಡೆಡ್ ಸಾಫ್ಟ್‌ವೇರ್ ಬರೆಯುವವಳು. ಇಬ್ಬರ ನಡುವೆ ಮುಚ್ಚಳ ಬಿಚ್ಚಿದ ಒಂದು ಹಳೆಯ ವಿಡಿಯೋ ರೂಟರ್: ಹದಿನಾರು ಇನ್‌ಪುಟ್, ಹದಿನಾರು ಔಟ್‌ಪುಟ್.

ಮಾವ: ಬಟನ್ ಒತ್ತಿದರೆ ಚಿತ್ರ ಬದಲಾಗಬೇಕು, ಅಷ್ಟೇ ತಾನೆ? ಅದಕ್ಕೊಂದು ಸಾಫ್ಟ್‌ವೇರು, ಆ ಸಾಫ್ಟ್‌ವೇರಿಗೊಂದು ಡಿಸೈನು, ಆ ಡಿಸೈನಿಗೆ ನಿನ್ನ ತಿಂಗಳುಗಟ್ಟಲೆ ಕೆಲಸ. ಕೇಬಲ್ ನಡೆಸುವಾಗ ನನ್ನ ಹತ್ತಿರ ಇದ್ದದ್ದು ತಿರುಗಿಸುವ ಒಂದು ಸ್ವಿಚ್ಚು. ಎರಡು ವಿಸಿಆರ್, ಒಂದು ಡಿಶ್. ಯಾವುದು ಬೇಕೋ ಅತ್ತ ತಿರುಗಿಸಿದರೆ ಊರಿಡೀ ಅದೇ ಚಿತ್ರ.

ಸೊಸೆ: ಊರಿಗೆಲ್ಲ ಒಂದೇ ಚಿತ್ರ ಸಾಕಾಗಿದ್ದಾಗ ಅದು ಸರಿ ಮಾವ. ಈಗ ಕಾರವಾರದ ಕಡಲತೀರಕ್ಕೆ ಕರಾವಳಿ ಉತ್ಸವದಂಥ ಕಾರ್ಯಕ್ರಮಕ್ಕೆ ಹೋದರೆ ಎಲ್ಲೆಲ್ಲಿಗೆ ಏನೇನು ಕೊಡಬೇಕಾಗ್ತದೆ ಹೇಳಿ ನೋಡುವ.

ಮಾವ: ಅದನ್ನು ಕೇಳಬೇಡ. ವೇದಿಕೆಯ ಎಡಕ್ಕೆ ಬಲಕ್ಕೆ ಒಂದೊಂದು ಎಲ್‌ಇಡಿ ವಾಲ್, ಹಿಂದೆ ನಿಂತವರಿಗೆ ಇನ್ನೊಂದು. ರೆಕಾರ್ಡಿಂಗಿಗೆ ಒಂದು, ಯೂಟ್ಯೂಬಿನ ಎನ್‌ಕೋಡರಿಗೆ ಒಂದು. ಕೇಬಲ್‌ನವರು ಬಂದು ನಮಗೂ ಒಂದು ಲೈನ್ ಕೊಡಿ ಅಂತಾರೆ. ನಿರೂಪಣೆ ಮಾಡುವವರ ಎದುರಿಗೆ ಒಂದು ಟಿವಿ. ಬರುವ ಕಡೆ ನಾಲ್ಕೋ ಐದೋ ಕ್ಯಾಮೆರಾ, ಎರಡು ಲ್ಯಾಪ್‌ಟಾಪು, ಅದರಲ್ಲಿ ಪ್ರಾಯೋಜಕರ ಜಾಹೀರಾತು. ಮಂತ್ರಿಗಳು ಭಾಷಣ ಮಾಡುವಾಗ ಬಲಗಡೆ ವಾಲ್‌ನಲ್ಲಿ ಮಸಾಲೆ ಪುಡಿ ಜಾಹೀರಾತು ಬಂತು ಅಂದ್ರೆ ನನ್ನ ಬಿಲ್ಲು ಪಾಸಾದ ಹಾಗೇ.

ಸೊಸೆ: ಹದಿನಾರು ಇನ್‌ಪುಟ್, ಹದಿನಾರು ಔಟ್‌ಪುಟ್ ಅಂದ್ರೆ ಒಳಗೆ 256 ಕೂಡುವ ಜಾಗ. ಆದರೆ ನಾನು ನೆನಪಿಟ್ಟುಕೊಳ್ಳಬೇಕಾದ್ದು ಬರೇ ಹದಿನಾರು ಅಂಕಿ.

ಮಾವ: ಅದು ಹೇಗೆ?

ಸೊಸೆ: ಲೆಕ್ಕವನ್ನು ಪರದೆಯ ಕಡೆಯಿಂದ ಬರೀಬೇಕು. ಕ್ಯಾಮೆರಾ ಎಲ್ಲಿಗೆ ಹೋಗ್ತದೆ ಅಂತ ಬರೆದರೆ ಒಂದೊಂದು ಕ್ಯಾಮೆರಾದ ಎದುರೂ ಉದ್ದ ಪಟ್ಟಿ. ಎಡವಾಲ್ ಅನ್ನೋದು ಎರಡು ಕ್ಯಾಮೆರಾದ ಪಟ್ಟಿಯಲ್ಲೂ ಸೇರಿಕೊಂಡರೆ ಯಾವುದನ್ನು ತೋರಿಸೋದು? ಅದನ್ನು ಹಿಡಿಯೋದಕ್ಕೆ ಬೇರೆ ಕೋಡ್ ಬೇಕು. ಪರದೆಯ ಕಡೆಯಿಂದ ಬರೆದರೆ ಒಂದು ಪರದೆಯ ಎದುರು ಒಂದೇ ಖಾನೆ, ಖಾನೆಯಲ್ಲಿ ಒಂದೇ ಅಂಕಿ. ಎರಡು ಬರೆಯೋದಕ್ಕೆ ಜಾಗವೇ ಇಲ್ಲ. ಒಂದೇ ಕ್ಯಾಮೆರಾ ಹತ್ತು ಪರದೆಗೆ ಹೋಗಲಿ, ಅಡ್ಡಿಯಿಲ್ಲ. ಈ ಚಿಪ್ ನೋಡಿ, ಅನಲಾಗ್ ಡಿವೈಸಸ್‌ನವರ ಎಡಿ8116. ಇದಕ್ಕೆ ಆಜ್ಞೆ ಕೊಡೋದು 80 ಬಿಟ್‌ನ ಒಂದು ಸಾಲು. ಪ್ರತಿ ಔಟ್‌ಪುಟ್‌ಗೆ ಐದು ಬಿಟ್. ನಾಲ್ಕರಲ್ಲಿ ಯಾವ ಇನ್‌ಪುಟ್ ಅನ್ನೋ ಅಂಕಿ, ಐದನೆಯದು ಈ ಔಟ್‌ಪುಟ್ ಚಾಲೂ ಇರಬೇಕೋ ಬೇಡವೋ ಅಂತ. ಹದಿನಾರೈದಲೆ ಎಂಬತ್ತು. ಚಿಪ್ ಮಾಡಿದವರೂ ಪರದೆಯ ಕಡೆಯಿಂದಲೇ ಯೋಚನೆ ಮಾಡಿದ್ದಾರೆ.

ಮಾವ: ಎಂಬತ್ತು ಬಿಟ್ ಒಂದೊಂದಾಗಿ ಒಳಗೆ ಹೋಗುವಾಗ ನಡುವೆ ಚಿತ್ರ ಎಲ್ಲ ಕಲಸಿಹೋಗೋದಿಲ್ಲವಾ?

ಸೊಸೆ: ಅದಕ್ಕೇ ಒಳಗೆ ಎರಡು ಅಟ್ಟ. ಬಿಟ್‌ಗಳು ಸಾಲಾಗಿ ಬಂದು ಮೇಲಿನ ಅಟ್ಟದಲ್ಲಿ ಕೂತುಕೊಳ್ತವೆ, ಅಷ್ಟರವರೆಗೆ ಚಿತ್ರಕ್ಕೆ ಏನೂ ಆಗೋದಿಲ್ಲ. ಎಲ್ಲ ಬಂದ ಮೇಲೆ ಅಪ್‌ಡೇಟ್ ಅನ್ನೋ ಒಂದು ಪಿನ್ನನ್ನು ಕೆಳಗೆಳೆದರೆ ಹದಿನಾರೂ ಒಟ್ಟಿಗೆ ಇಳೀತವೆ. ಮೂರು ವಾಲ್‌ನಲ್ಲಿ ಜಾಹೀರಾತು ಹೋಗಿ ವೇದಿಕೆ ಬರಬೇಕು ಅಂದ್ರೆ ಮೂರರಲ್ಲೂ ಒಂದೇ ಕ್ಷಣಕ್ಕೆ ಬರ್ತದೆ. ಬಟನ್ ಒತ್ತಿದ ಹಾಗೆಲ್ಲ ಒಂದೊಂದೇ ಔಟ್‌ಪುಟ್ ಬದಲಿಸುವ ಕೋಡ್ ಬರೆದರೆ ಈ ಸೌಕರ್ಯ ದಂಡ. ಹಾಗೆ ಬರೆದ ಕೋಡ್ ಮಾರ್ಕೆಟ್ಟಿನಲ್ಲಿ ಬೇಕಾದಷ್ಟಿದೆ.

ಮಾವ: ಒಟ್ಟಿಗೆ ಇಳಿದರೂ ಚಿತ್ರ ಹಾರೋದು ನಾನು ನೋಡಿದ್ದೇನೆ. ವಿಸಿಆರ್ ಕಾಲದಲ್ಲಿ ಒಂದರಿಂದ ಇನ್ನೊಂದಕ್ಕೆ ತಿರುಗಿಸಿದರೆ ಟಿವಿಯಲ್ಲಿ ಚಿತ್ರ ಒಂದು ಸುತ್ತು ಉರುಳಿಯೇ ನಿಲ್ತಿತ್ತು. ಜನ ಫೋನ್ ಮಾಡಿ ಬೈತಿದ್ದರು.

ಸೊಸೆ: ಒಂದು ಚಿತ್ರದ ನಡುವೆ ಇನ್ನೊಂದನ್ನು ಹಾಕಿದ್ದರಿಂದ ಆದದ್ದು ಅದು. ನಮ್ಮ ಹಳೆಯ ಪಾಲ್ ಪದ್ಧತಿಯಲ್ಲಿ ಒಂದು ಫ್ರೇಮಿಗೆ 625 ಗೆರೆ, ಸೆಕೆಂಡಿಗೆ 25 ಫ್ರೇಮು. ಅರ್ಧರ್ಧ ಚಿತ್ರ ಮುಗಿದಾಗಲೆಲ್ಲ ಟಿವಿಯ ಕಿರಣ ಕೆಳಗಿಂದ ಮೇಲಕ್ಕೆ ಹೋಗಬೇಕು. ಆಗ 25 ಗೆರೆಯಷ್ಟು ಹೊತ್ತು, ಅಂದ್ರೆ 1.6 ಮಿಲಿಸೆಕೆಂಡು, ಪರದೆಗೆ ಏನೂ ಬರೋದಿಲ್ಲ. ಬದಲಾಯಿಸೋದಿದ್ದರೆ ಆ ಸಂದಿಯಲ್ಲೇ ಬದಲಾಯಿಸಬೇಕು. ಯಾವ ಗೆರೆಯಲ್ಲಿ ಅನ್ನೋದಕ್ಕೂ ಒಪ್ಪಂದ ಇದೆ. 625 ಗೆರೆಗೆ ಆರನೆಯದು, ಈಗಿನ 1080ಕ್ಕೆ ಏಳನೆಯದು. ಸಾಫ್ಟ್‌ವೇರ್ ಆ ಗೆರೆ ಬರುವವರೆಗೆ ಕಾದು ಅಪ್‌ಡೇಟ್ ಎಳೀಬೇಕು.

ಮಾವ: ಕಾದರೆ ಸಾಕಾ? ನನ್ನ ಒಂದು ಕ್ಯಾಮೆರಾದ ಆರನೇ ಗೆರೆ ಬಂದಾಗ ಇನ್ನೊಂದು ಕ್ಯಾಮೆರಾ ಮುನ್ನೂರನೇ ಗೆರೆಯಲ್ಲಿ ಇದ್ದರೆ?

ಸೊಸೆ: ಸಾಕಾಗೋದಿಲ್ಲ. ಎಲ್ಲ ಕ್ಯಾಮೆರಾಗಳೂ ಒಂದೇ ತಾಳಕ್ಕೆ ನಡೀಬೇಕು, ಅಂದ್ರೆ ಜೆನ್‌ಲಾಕ್ ಆಗಬೇಕು. ಇಲ್ಲವಾದರೆ ಪ್ರತಿ ಇನ್‌ಪುಟ್‌ಗೂ ಒಂದು ಫ್ರೇಮ್ ಸಿಂಕ್ರನೈಸರ್ ಬೇಕು. ನಿಮ್ಮ ಸ್ವಿಚರ್ ಒಳಗೆ ಅದು ಇದೆ, ಅದಕ್ಕೇ ನಿಮಗೆ ಈಗ ತೊಂದರೆ ಕಾಣೋದಿಲ್ಲ. ಈ ಬಡ ರೂಟರ್‌ನಲ್ಲಿ ಇಲ್ಲ. ಸಾಫ್ಟ್‌ವೇರ್ ಇಲ್ಲಿ ಮಾಡಬಹುದಾದ್ದು ಒಂದೇ, ಈ ಎರಡು ತಾಳದಲ್ಲಿ ಇಲ್ಲ, ಬದಲಿಸಿದರೆ ಹಾರ್ತದೆ ಅಂತ ಮೊದಲೇ ಹೇಳೋದು.

ಮಾವ: ಹೇಳಿದರೆ ಸಾಕು. ಲೈವ್‌ಗೆ ಹೋಗುವ ಲೈನನ್ನು ಆ ದಾರಿಗೆ ಹಾಕೋದಿಲ್ಲ, ನಿರೂಪಕರ ಟಿವಿಗೆ ಹಾಕ್ತೇನೆ. ಅವರ ಟಿವಿ ಹಾರಿದರೆ ಯಾರಿಗೇನು. ಅದಿರಲಿ, ನೀನು ಮತ್ತೆ ಮತ್ತೆ ಫ್ಲೆಕ್ಸಿಬಲ್ ಅಂತೀಯಲ್ಲ, ಅದು ಎಲ್ಲಿ ಬಂತು? ನನಗೆ ಹೇಳಿದಷ್ಟು ಮಾಡುವ ಪೆಟ್ಟಿಗೆ ಬೇಕು. ರಾತ್ರಿ ಎರಡು ಗಂಟೆಗೆ ತಾನಾಗಿ ಬುದ್ಧಿ ತೋರಿಸುವ ಪೆಟ್ಟಿಗೆ ಬೇಡ.

ಸೊಸೆ: ಮೊದಲಿಗೆ ಹೆಸರಿನಿಂದ ಶುರು ಮಾಡುವ. ಈಗ ನಿಮ್ಮ ಹುಡುಗರು ಏನು ಹೇಳ್ತಾರೆ? ಮೂರನ್ನು ಏಳಕ್ಕೆ ಹಾಕು ಅಂತ. ಮೂರು ಅಂದ್ರೆ ಯಕ್ಷಗಾನದಲ್ಲಿ ಹಾಡುವ ಭಾಗವತರ ಕ್ಯಾಮೆರಾ ಅಂತ ಎಲ್ಲರ ತಲೆಯಲ್ಲಿ ಕೂತಿದೆ. ಕಡಲತೀರದಲ್ಲಿ ಉಪ್ಪುಗಾಳಿ ಬಡಿದು ಮೂರನೇ ಬಿಎನ್‌ಸಿ ಕನೆಕ್ಟರಿನ ನಡುವಿನ ಪಿನ್ ಹಸಿರು ಕಟ್ಟಿದರೆ?

ಮಾವ: ಮೊದಲು ಬಿಚ್ಚಿ ಒರೆಸ್ತೇವೆ. ಆಗಲಿಲ್ಲ ಅಂದ್ರೆ ವಯರು ತೆಗೆದು ಹನ್ನೊಂದಕ್ಕೆ ಚುಚ್ಚೋದು. ಆಮೇಲೆ ರಾತ್ರಿಯಿಡೀ ಹುಡುಗರಿಗೆ ಬೊಬ್ಬೆ ಹೊಡೆಯೋದು, ಮೂರಲ್ಲ ಮಾರಾಯ ಹನ್ನೊಂದು ಅಂತ.

ಸೊಸೆ: ಬಟನ್ನಿನ ಮೇಲೆ ಭಾಗವತರು ಅಂತಲೇ ಇದ್ದರೆ? ಒಳಗೆ ಇನ್ನೊಂದು ಪಟ್ಟಿ, ಭಾಗವತರು ಅಂದ್ರೆ ಯಾವ ಪೋರ್ಟ್ ಅಂತ. ಅದರಲ್ಲಿ ಮೂರು ಇದ್ದಲ್ಲಿ ಹನ್ನೊಂದು ಮಾಡಿದರೆ ಮುಗೀತು. ನಿಮ್ಮ ಎಲ್ಲ ಬಟನ್ನು, ಎಲ್ಲ ಪ್ರೀಸೆಟ್ಟು ಇದ್ದ ಹಾಗೇ ಇರ್ತವೆ. ಕೋಡ್ ಮುಟ್ಟೋದು ಬೇಡ. ಎಲ್ಲಿ ಬದಲಾವಣೆ ಬರ್ತದೆ ಅಂತ ಗೊತ್ತಿದೆಯೋ ಅದನ್ನೆಲ್ಲ ಪಟ್ಟಿಗೆ ತರೋದು, ಪಟ್ಟಿಯನ್ನು ಓದಿ ನಡೆಸುವ ಕೋಡನ್ನು ಚಿಕ್ಕದಾಗಿ, ಹಟಮಾರಿಯಾಗಿ ಇಡೋದು. ನಾನು ಫ್ಲೆಕ್ಸಿಬಲ್ ಅನ್ನೋದು ಇಷ್ಟಕ್ಕೇ.

ಮಾವ: ಹಟಮಾರಿ ಕೋಡ್ ಆದ್ರೆ ನನಗೂ ಸೇರ್ತದೆ.

ಸೊಸೆ: ಇದರಲ್ಲೇ ಒಂದು ಸಣ್ಣ ಗುಂಡಿ ಇದೆ. ಪೆಟ್ಟಿಗೆಯ ಹಿಂದೆ 1, 2, 3 ಅಂತ ಅಚ್ಚು ಹಾಕಿರ್ತಾರೆ, ಚಿಪ್ ಎಣಿಸೋದು ಸೊನ್ನೆಯಿಂದ. ಬ್ಲ್ಯಾಕ್‌ಮ್ಯಾಜಿಕ್‌ನವರ ವಿಡಿಯೋಹಬ್‌ಗೆ ನೆಟ್‌ವರ್ಕಿನ ಮೇಲೆ, 9990ನೇ ಪೋರ್ಟಿನಲ್ಲಿ, ಸಾದಾ ಅಕ್ಷರಗಳಲ್ಲೇ ಆಜ್ಞೆ ಕಳಿಸಬಹುದು. ಅಲ್ಲೂ ಎಣಿಕೆ ಸೊನ್ನೆಯಿಂದಲೇ. ಒಂದನ್ನು ಕಳೆಯುವ ಕೆಲಸ ಕೋಡಿನಲ್ಲಿ ಒಂದೇ ಕಡೆ ಇರಬೇಕು. ನಾಲ್ಕು ಕಡೆ ಹರಡಿದರೆ ಯಾವತ್ತೋ ಒಂದು ದಿನ ಎರಡು ಸಲ ಕಳೆದು, ಚಂಡೆಯ ಕ್ಯಾಮೆರಾ ಕೇಳಿದವರಿಗೆ ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವವರು ಕಾಣ್ತಾರೆ.

ಮಾವ: ಯಕ್ಷಗಾನದ ಆಟದ ಮಾತು ಬಂತಲ್ಲ, ಒಂದು ಕೇಳ್ತೇನೆ. ಅಂಕೋಲೆಯ ಜೈಹಿಂದ್ ಮೈದಾನದಲ್ಲಿ ಆಟ ಇದೆ ಅಂದುಕೋ. ಭಾಗವತರ ಮೇಲೆ ಒಂದು ಕ್ಯಾಮೆರಾ, ರಂಗಸ್ಥಳಕ್ಕೆ ಎರಡು, ಚಂಡೆ ಮದ್ದಳೆಗೆ ಒಂದು. ನಿನ್ನ ಪೆಟ್ಟಿಗೆಯಲ್ಲಿ ಕ್ಯಾಮೆರಾ ಬದಲಿಸಿದರೆ ಅದರ ಸದ್ದೂ ಬದಲಾಗ್ತದಾ?

ಸೊಸೆ: ಸಾಮಾನ್ಯವಾಗಿ ಹೌದು. ಚಿತ್ರದ ಹಿಂದೆಯೇ ಧ್ವನಿ ಬರಲಿ ಅಂತ ಮಾಡಿರ್ತಾರೆ. ನ್ಯೂಸ್ ಸ್ಟುಡಿಯೋಗೆ, ಸಂದರ್ಶನಕ್ಕೆ ಅದೇ ಸರಿ.

ಮಾವ: ಆಟಕ್ಕೆ ಅದು ಆಗೋದಿಲ್ಲ. ಭಾಗವತರು ಪದ್ಯ ಎತ್ತಿದಾಗ ಒಂದು ಗಳಿಗೆ ಅವರ ಮುಖ ತೋರಿಸ್ತೇನೆ. ಎರಡನೇ ಸಾಲಿಗೆ ವೇಷ ಕುಣೀಲಿಕ್ಕೆ ಶುರು ಮಾಡ್ತದೆ, ಚಿತ್ರ ಅಲ್ಲಿಗೆ ಹೋಗಬೇಕು. ಚಂಡೆಯವರ ಕೈ ಬಿಸಿಯಾದರೆ ಅಲ್ಲಿಗೊಂದು ಸಲ. ಚಿತ್ರ ಎಲ್ಲಿ ಬೇಕಾದರೂ ತಿರುಗಲಿ, ಪದ್ಯ ತುಂಡಾಗಬಾರದು. ಕ್ಯಾಮೆರಾದ ಸದ್ದು ಹಿಂದೆ ಹಿಂದೆ ಬಂದರೆ ಒಂದು ಕ್ಷಣ ಭಾಗವತರು ಹತ್ತಿರ, ಇನ್ನೊಂದು ಕ್ಷಣ ಬಾವಿಯೊಳಗೆ. ಕೇಳುವವರು ಮೊಬೈಲ್ ಬಿಸಾಡ್ತಾರೆ. ಮುಂಬೈಯಲ್ಲಿ ಕೂತು ಲೈವ್ ನೋಡುವ ಅರ್ಧ ಜನ ನೋಡೋದೇ ಇಲ್ಲ ಗೊತ್ತಾ, ಕಿವಿಗೆ ಹಾಕಿಕೊಂಡು ಬೇರೆ ಕೆಲಸ ಮಾಡ್ತಿರ್ತಾರೆ.

ಸೊಸೆ: ಇದನ್ನೇ ನಮ್ಮವರು ಬ್ರೇಕ್‌ಅವೇ ಅಂತಾರೆ. ಹಾಗಾಗಿ ಪಟ್ಟಿ ಒಂದಲ್ಲ, ಮಹಡಿ ಮಹಡಿಯಾಗಿ ಬೇಕು. ಚಿತ್ರದ ಮಹಡಿ ಬೇರೆ, ಧ್ವನಿಯ ಮಹಡಿ ಬೇರೆ. ಲೈವ್ ಅನ್ನೋ ಒಂದೇ ಹೆಸರಿಗೆ ಮೇಲೆ ರಂಗಸ್ಥಳ, ಕೆಳಗೆ ಸೌಂಡ್ ಮಿಕ್ಸರ್. ಬಟನ್ ಒತ್ತಿದಾಗ ಎರಡೂ ಮಹಡಿ ಬದಲಾಗಬೇಕೋ ಮೇಲಿನದು ಮಾತ್ರವೋ ಅಂತ ಪ್ರತಿ ಔಟ್‌ಪುಟ್‌ಗೂ ಬೇರೆ ಬೇರೆ ಹೇಳಬಹುದು. ಒಂದು ಎಸ್‌ಡಿಐ ವಯರಿನೊಳಗೆ ಹದಿನಾರು ಚಾನೆಲ್ ಧ್ವನಿ ಹೋಗ್ತದೆ, ಆದರೆ ಅದನ್ನು ಚಿತ್ರದಿಂದ ಬಿಡಿಸಿ ಬೇರೆ ಚಿತ್ರಕ್ಕೆ ಜೋಡಿಸೋದಕ್ಕೆ ಒಳಗೆ ಅಷ್ಟು ಸಾಮಾನು ಬೇಕು. ಸಾಮಾನು ಇಲ್ಲದ ಪೆಟ್ಟಿಗೆಯಲ್ಲಿ ಬಟನ್ ತೋರಿಸೋದು ಮೋಸ. ಅದಕ್ಕೇ ಯಾವ ಬೋರ್ಡಿಗೆ ಏನೇನು ಆಗ್ತದೆ ಅನ್ನೋದನ್ನೂ ಪಟ್ಟಿಯಲ್ಲೇ ಬರೀತೇನೆ. ಕೋಡ್ ಅದನ್ನು ಓದಿ ಆಗದ್ದನ್ನು ತೋರಿಸೋದೇ ಇಲ್ಲ.

ಮಾವ: ಆಟದವರಿಗೆ ವಾಲ್‌ನ ತೊಂದರೆ ಇನ್ನೊಂದು. ವೇಷ ರಂಗಸ್ಥಳದಲ್ಲಿ ಕಾಲು ಹಾಕಿದ ಮೇಲೆ ವಾಲ್‌ನಲ್ಲಿ ಕಾಲು ಬೀಳ್ತದೆ. ಗೆಜ್ಜೆ ಕೇಳಿ ಆಗಿರ್ತದೆ.

ಸೊಸೆ: ದಾರಿಯಲ್ಲಿ ಚಿತ್ರವನ್ನು ತಿದ್ದಿ ಕಳಿಸುವ ಪೆಟ್ಟಿಗೆಗಳು ಸಾಮಾನ್ಯವಾಗಿ ಒಂದೊಂದು ಫ್ರೇಮ್ ಹಿಡಿದಿಟ್ಟುಕೊಳ್ತವೆ. ಸೆಕೆಂಡಿಗೆ 25 ಫ್ರೇಮ್ ಆದ್ರೆ ಒಂದು ಫ್ರೇಮ್ ಅಂದ್ರೆ 40 ಮಿಲಿಸೆಕೆಂಡು. ಸ್ವಿಚರ್, ಕನ್ವರ್ಟರ್, ವಾಲ್‌ನ ಪ್ರೊಸೆಸರ್ ಎಲ್ಲ ಸೇರಿದರೆ ಕಣ್ಣಿಗೆ ಕಾಣುವಷ್ಟಾಗ್ತದೆ. ಯೂಟ್ಯೂಬಿನಲ್ಲಿ ಹತ್ತಾರು ಸೆಕೆಂಡ್ ತಡವಾದರೂ ಯಾರಿಗೂ ಗೊತ್ತಾಗೋದಿಲ್ಲ, ಎದುರಿಗೆ ಕೂತವರಿಗೆ ಗೊತ್ತಾಗ್ತದೆ. ವಾಲ್‌ಗೆ ಹೋಗೋದು ಚಿಕ್ಕ ದಾರಿ ಆಗಬೇಕು, ಲೈವ್‌ಗೆ ಹೋಗೋದು ಸುತ್ತು ದಾರಿ ಆದರೂ ನಡೀತದೆ. ಹಾಗಾದ್ರೆ ಯಾವ ದಾರಿ ಎಷ್ಟು ತಡ ಅಂತ ಸಾಫ್ಟ್‌ವೇರಿಗೆ ಗೊತ್ತಿರಬೇಕು.

ಮಾವ: ಒಂದು ಪೆಟ್ಟಿಗೆಯಲ್ಲಿ ದಾರಿ ಎಂತದು, ಒಳಗೆ ಬಂದದ್ದು ಹೊರಗೆ ಹೋಗ್ತದೆ.

ಸೊಸೆ: ಒಂದೇ ಪೆಟ್ಟಿಗೆ ಇದ್ದರೆ. ವೇದಿಕೆಯ ಬುಡದಲ್ಲಿ ಒಂದು, ನಿಮ್ಮ ಶಾಮಿಯಾನದಲ್ಲಿ ಒಂದು ಇಡ್ತೀರಿ ಅಂದುಕೊಳ್ಳಿ. ಎಚ್‌ಡಿ ಎಸ್‌ಡಿಐ ಅಂದ್ರೆ ಸೆಕೆಂಡಿಗೆ 1.485 ಗಿಗಾಬಿಟ್, ಒಳ್ಳೇ ಕೋಆಕ್ಸಿಯಲ್ ವಯರಿನಲ್ಲೂ ನೂರು ಮೀಟರ್ ಆಸುಪಾಸು ಬಂದಾಗ ಏದುಸಿರು. ಅಷ್ಟುದ್ದದ ವಯರನ್ನು ಜನರ ಕಾಲಡಿಯಲ್ಲಿ ಹದಿನಾರು ಎಳೆಯೋದಕ್ಕಾಗೋದಿಲ್ಲ. ಎರಡು ಪೆಟ್ಟಿಗೆಯ ನಡುವೆ ನಾಲ್ಕು ವಯರು ಎಳೀತೀರಿ. ಅವೇ ಟೈ ಲೈನ್. ಶಾಮಿಯಾನದ ಮಾನಿಟರಿಗೆ ವೇದಿಕೆಯ ಕ್ಯಾಮೆರಾ ಬೇಕು ಅಂದಾಗ ಸಾಫ್ಟ್‌ವೇರ್ ಖಾಲಿ ಇರುವ ಒಂದು ಲೈನ್ ಹುಡುಕಿ, ಅಲ್ಲೊಂದು ಇಲ್ಲೊಂದು ಎರಡು ಕಡೆ ಬದಲಾವಣೆ ಮಾಡಿ, ನಿಮಗೆ ಒಂದೇ ಬಟನ್ ಅನ್ನಿಸಬೇಕು. ಅದೇ ಕ್ಯಾಮೆರಾ ಆಗಲೇ ಒಂದು ಲೈನಿನಲ್ಲಿ ಬರ್ತಾ ಇದ್ದರೆ ಹೊಸ ಲೈನ್ ಖರ್ಚು ಮಾಡದೆ ಅದನ್ನೇ ಹಂಚಬೇಕು. ಯಾರೂ ನೋಡದ ಲೈನನ್ನು ಬಿಡಿಸಿಕೊಳ್ಳಬೇಕು.

ಮಾವ: ನಾಲ್ಕೂ ತುಂಬಿದ ಮೇಲೆ ಐದನೆಯದು ಕೇಳಿದರೆ?

ಸೊಸೆ: ಆಗೋದಿಲ್ಲ ಅನ್ನಬೇಕು. ಸುಮ್ಮನೆ ಯಾರದ್ದೋ ಲೈನ್ ಕಿತ್ತುಕೊಡಬಾರದು. ನೀವು ಶಿರವಾಡದಲ್ಲಿರುವ ಕಾರವಾರ ರೈಲ್ವೆ ಸ್ಟೇಷನ್ನಿನಲ್ಲಿ ನಿಂತು ನೋಡಿರ್ತೀರಿ. ಕೊಂಕಣ ರೈಲು 1998ರ ಜನವರಿ 26ಕ್ಕೆ ಪೂರ್ತಿ ಶುರುವಾದಾಗಿಂದ ಇಲ್ಲಿ ಒಂಟಿ ಹಳಿ. ಎದುರಿನಿಂದ ಬರುವ ಗಾಡಿಗೆ ಒಂದು ಸ್ಟೇಷನ್ನಿನ ಲೂಪಿನಲ್ಲಿ ನಿಂತು ದಾರಿ ಬಿಡಬೇಕು. ಸ್ಟೇಷನ್ ಮಾಸ್ಟರ್ ಒಂದು ದಾರಿ ಕೇಳಿದ ಕೂಡಲೇ ಸಿಗ್ನಲ್ ಹಸಿರಾಗೋದಿಲ್ಲ. ಮೊದಲು ಪಾಯಿಂಟುಗಳು ತಿರುಗಬೇಕು, ತಿರುಗಿ ಸರಿಯಾಗಿ ಕೂತಿವೆ ಅಂತ ವಾಪಸು ಸುದ್ದಿ ಬರಬೇಕು, ಅಲ್ಲಿಗೆ ಬೀಗ ಬೀಳಬೇಕು, ಆಮೇಲೆ ಹಸಿರು. ಆ ದಾರಿಗೆ ಅಡ್ಡ ಬರುವ ಇನ್ನೊಂದು ದಾರಿ ಕೇಳಿದರೆ ಯಂತ್ರವೇ ಒಪ್ಪೋದಿಲ್ಲ. ಇಂಟರ್‌ಲಾಕಿಂಗ್ ಅಂತಾರೆ. ನನ್ನ ಕೋಡಿಗೆ ಅದೇ ಸ್ವಭಾವ ಇರಬೇಕು. ಕೇಳಿದ್ದು ಬೇರೆ, ಆದದ್ದು ಬೇರೆ, ಎರಡನ್ನೂ ಬೇರೆ ಬೇರೆ ಬರೆದಿಡಬೇಕು. ಬಟನ್ನಿನ ದೀಪ ಉರಿಯಬೇಕಾದ್ದು ನೀವು ಒತ್ತಿದ್ದಕ್ಕಲ್ಲ, ಬದಲಾವಣೆ ಆದದ್ದಕ್ಕೆ.

ಮಾವ: ಇದು ಒಳ್ಳೇದು. ಒತ್ತಿದ ಕೂಡಲೇ ದೀಪ ಹತ್ತಿ ಚಿತ್ರ ಬಾರದ ಪೆಟ್ಟಿಗೆ ನನ್ನ ಹತ್ತಿರ ಒಂದಿತ್ತು. ಹುಡುಗರು ದೀಪ ನೋಡಿ ನಿಶ್ಚಿಂತೆಯಿಂದ ಚಾ ಕುಡೀಲಿಕ್ಕೆ ಹೋಗ್ತಿದ್ದರು. ಬೀಗ ಅಂದ್ಯಲ್ಲ, ಅದು ನನಗೂ ಬೇಕು. ರೆಕಾರ್ಡಿಂಗ್ ಲೈನಿಗೆ ಒಂದು ಬೀಗ ಹಾಕಿಬಿಟ್ಟರೆ ಯಾರೂ ಮುಟ್ಟಬಾರದು.

ಸೊಸೆ: ಹಾಕಬಹುದು. ಆದರೆ ಇಲ್ಲೊಂದು ಜಗಳ ಇದೆ. ಜಾಹೀರಾತು ಅನ್ನೋ ಪ್ರೀಸೆಟ್ ಮಾಡಿದ್ದೀರಿ. ಒತ್ತಿದರೆ ಮೂರು ವಾಲ್, ಲೈವ್, ರೆಕಾರ್ಡಿಂಗ್ ಎಲ್ಲ ಲ್ಯಾಪ್‌ಟಾಪಿಗೆ ತಿರುಗಬೇಕು. ರೆಕಾರ್ಡಿಂಗಿಗೆ ಬೀಗ ಇದೆ. ಈಗ ಏನು ಮಾಡಲಿ? ನನ್ನ ಪ್ರಕಾರ ಆದರೆ ಎಲ್ಲ ಆಗಬೇಕು, ಇಲ್ಲವಾದರೆ ಒಂದೂ ಆಗಬಾರದು. ಅರ್ಧ ಆದ ಪ್ರೀಸೆಟ್ ಅಂದ್ರೆ ಯಾರೂ ಕೇಳದ ಮೂರನೇ ಸ್ಥಿತಿ.

ಮಾವ: ನಿನ್ನ ಪ್ರಕಾರ ಆದರೆ ರೆಕಾರ್ಡಿಂಗಿನ ಬೀಗದ ದೆಸೆಯಿಂದ ವಾಲ್‌ನಲ್ಲಿ ಜಾಹೀರಾತು ಬರೋದಿಲ್ಲ. ಪ್ರಾಯೋಜಕರು ಮುಂದಿನ ಸಾಲಿನಲ್ಲೇ ಕೂತಿರ್ತಾರೆ. ಆಗುವಷ್ಟು ಮಾಡಿ, ಆಗದ್ದನ್ನು ಕೆಂಪಗೆ ತೋರಿಸು. ನಾನು ನೋಡಿಕೊಳ್ತೇನೆ.

ಸೊಸೆ: ಆದರೆ ಟೈ ಲೈನ್ ವಿಷಯದಲ್ಲಿ ಹಾಗೆ ಮಾಡಿದರೆ? ವೇದಿಕೆಯ ಕಡೆ ಬದಲಾಗಿ ಶಾಮಿಯಾನದ ಕಡೆ ಬದಲಾಗದೆ ಉಳಿದರೆ ನಿಮಗೆ ಬೇರೆಯವರ ಚಿತ್ರ ಬರ್ತದೆ.

ಮಾವ: ಅಲ್ಲಿ ನಿನ್ನ ಮಾತು ಸರಿ. ಒಂದೇ ದಾರಿಯ ಎರಡು ತುದಿ ಒಟ್ಟಿಗೆ ಆಗಬೇಕು. ಬೇರೆ ಬೇರೆ ಪರದೆ ಬೇರೆ ಬೇರೆ. ವಾಲ್‌ಗೂ ರೆಕಾರ್ಡಿಂಗಿಗೂ ಎಂತ ಸಂಬಂಧ?

ಸೊಸೆ: ಹಾಗಾದರೆ ಅದೂ ಪಟ್ಟಿಗೇ ಹೋಗ್ತದೆ. ಪ್ರತಿ ಪ್ರೀಸೆಟ್ಟಿನ ಎದುರು ಒಂದು ಗುರುತು, ಎಲ್ಲ ಅಥವಾ ಇಲ್ಲ, ಇಲ್ಲವೇ ಆದಷ್ಟು. ಒಂದು ದಾರಿಯೊಳಗಿನ ತುಂಡುಗಳಿಗೆ ಮಾತ್ರ ಆ ಆಯ್ಕೆ ಕೊಡೋದಿಲ್ಲ, ಅದು ಕೋಡಿನಲ್ಲೇ ಗಟ್ಟಿ.

ಮಾವ: ಬೀಗದ ಕೈ ಯಾರ ಹತ್ತಿರ? ಹಾಕಿದವನು ಊಟಕ್ಕೆ ಹೋಗಿರ್ತಾನೆ.

ಸೊಸೆ: ಹಾಕಿದವನೇ ತೆಗೀಬೇಕು ಅನ್ನೋದು ಒಂದು ಪದ್ಧತಿ. ಮುಖ್ಯ ಪ್ಯಾನೆಲ್ಲಿನಿಂದ ಯಾರು ಬೇಕಾದರೂ ಒಡೀಬಹುದು, ಆದರೆ ಯಾರು ಯಾವಾಗ ಒಡೆದರು ಅಂತ ಬರೆದಿರ್ತದೆ ಅನ್ನೋದು ಇನ್ನೊಂದು.

ಮಾವ: ಎರಡನೆಯದು. ಬರೆದಿಟ್ಟರೆ ಒಡೆಯುವ ಮೊದಲು ನಾಲ್ಕು ಸಲ ಯೋಚನೆ ಮಾಡ್ತಾರೆ. ಆದರೆ ಆ ಬರೆದಿಟ್ಟದ್ದನ್ನು ಮರುದಿನ ನಾನೊಬ್ಬನೇ ಓದೋದು, ಹುಡುಗರ ಎದುರಿಗೆ ಅಲ್ಲ.

ಸೊಸೆ: ಈಗ ಕರೆಂಟು ಹೋಗುವ ಮಾತು. ಹೆಸ್ಕಾಂ ಲೈನು ಮಳೆಗಾಲದಲ್ಲಿ ಹೇಗಿರ್ತದೆ ಅಂತ ನಾನು ನಿಮಗೆ ಹೇಳೋದು ಬೇಡ. ಯುಪಿಎಸ್ ಇದ್ದರೂ ಒಂದು ಸಲ ಪ್ಲಗ್ ಸಡಿಲಾದರೆ ಸಾಕು. ವಾಪಸು ಬಂದಾಗ ಪೆಟ್ಟಿಗೆ ಹೇಗೆ ಎದ್ದೇಳಬೇಕು?

ಮಾವ: ಮಲಗಿದ ಹಾಗೇ ಏಳಬೇಕು. ಯಾವ ಪರದೆಯಲ್ಲಿ ಏನಿತ್ತೋ ಅದೇ. ಎಲ್ಲ ಪರದೆಗೂ ಒಂದನೇ ಇನ್‌ಪುಟ್ ಹಾಕಿಕೊಂಡು ಏಳುವ ಪೆಟ್ಟಿಗೆಯನ್ನು ನಾನು ಸಮುದ್ರಕ್ಕೆ ಎಸೀತೇನೆ.

ಸೊಸೆ: ಅದಕ್ಕೆ ಪಟ್ಟಿಯನ್ನು ಕರೆಂಟಿಲ್ಲದೆಯೂ ಉಳಿಯುವ ಮೆಮೊರಿಯಲ್ಲಿ ಬರೀಬೇಕು. ಅದರ ಒಂದೊಂದು ಜಾಗವನ್ನೂ ಇಷ್ಟು ಸಲ ಅಂತ ಮಾತ್ರ ಬರೆಯಬಹುದು. ಇಇಪ್ರಾಮ್ ಆದರೆ ಲಕ್ಷದ ಮಾತು, ಚಿಪ್ಪಿನೊಳಗಿನ ಫ್ಲ್ಯಾಶ್ ಆದರೆ ಹತ್ತು ಸಾವಿರದ ಆಸುಪಾಸು. ಇಡೀ ರಾತ್ರಿಯ ಆಟದಲ್ಲಿ ನಿಮ್ಮ ಹುಡುಗ ಎಷ್ಟು ಸಲ ಬಟನ್ ಒತ್ತುತ್ತಾನೆ ನೋಡಿ. ಒತ್ತಿದ್ದಕ್ಕೆಲ್ಲ ಒಂದೇ ಜಾಗದಲ್ಲಿ ಬರೆದರೆ ಪೆಟ್ಟಿಗೆಯ ಆಯುಷ್ಯ ಮುಗೀತದೆ. ಹಾಗಾಗಿ ಕೈ ನಿಂತು ಒಂದೆರಡು ಸೆಕೆಂಡ್ ಆದ ಮೇಲೆ ಬರೆಯೋದು, ಪ್ರತಿ ಸಲ ಜಾಗ ಬದಲಿಸಿ ಬರೆಯೋದು, ಜೊತೆಗೆ ಒಂದು ಕ್ರಮಸಂಖ್ಯೆ, ಕೊನೆಗೆ ತಾಳೆ ನೋಡುವ ಒಂದು ಮೊತ್ತ. ಬರೆಯುವ ನಡುವೆಯೇ ಕರೆಂಟು ಹೋದರೆ ಕೊನೆಯದು ತಾಳೆಯಾಗೋದಿಲ್ಲ, ಅದರ ಹಿಂದಿನದನ್ನು ತೆಗೆದುಕೊಳ್ತದೆ.

ಮಾವ: ಒಂದೆರಡು ಸೆಕೆಂಡಿನ ಹಿಂದಿನದು ಬಂದರೆ ಪರವಾಗಿಲ್ಲ.

ಸೊಸೆ: ಇದಕ್ಕಿಂತ ಸೂಕ್ಷ್ಮ ಇನ್ನೊಂದಿದೆ. ಕರೆಂಟು ಹೋಗೋದಿಲ್ಲ, ನನ್ನ ಕೋಡ್ ಎಲ್ಲೋ ಸಿಕ್ಕಿಹಾಕಿಕೊಳ್ತದೆ. ಆಗ ವಾಚ್‌ಡಾಗ್ ಅನ್ನೋ ಕಾವಲು ಟೈಮರ್ ಪ್ರೊಸೆಸರನ್ನು ತಟ್ಟಿ ಎಬ್ಬಿಸ್ತದೆ. ಆದರೆ ಆ ಹೊತ್ತಿನಲ್ಲೂ ಈ ಸ್ವಿಚ್ ಚಿಪ್ ತನ್ನ ಕೊನೆಯ ಆಜ್ಞೆ ಹಿಡಿದುಕೊಂಡು ಚಿತ್ರ ದಾಟಿಸ್ತಲೇ ಇರ್ತದೆ. ಬಹಳ ಜನ ಬರೆಯುವ ಕೋಡು ಎದ್ದ ಕೂಡಲೇ ಮೊದಲು ಮಾಡೋದು ಚಿಪ್ಪಿನ ರೀಸೆಟ್ ಪಿನ್ ಎಳೆಯೋದು. ಎಳೆದರೆ ಎಲ್ಲ ಔಟ್‌ಪುಟ್ ಬಂದ್. ಪ್ರೊಸೆಸರ್ ಎದ್ದ ಕಾರಣ ಏನು ಅಂತ ಅದರ ರಿಜಿಸ್ಟರಿನಲ್ಲೇ ಬರೆದಿರ್ತದೆ. ಮೊದಲು ಅದನ್ನು ಓದು, ವಾಚ್‌ಡಾಗ್ ಎಬ್ಬಿಸಿದ್ದಾದರೆ ರೀಸೆಟ್ ಮುಟ್ಟಬೇಡ, ಉಳಿಸಿದ ಪಟ್ಟಿಯನ್ನೇ ಮತ್ತೆ ಒಳಗೆ ಬಿಡು, ಹಳೆಯದೇ ಮತ್ತೆ ಇಳಿದರೆ ಪರದೆಗೆ ಗೊತ್ತೂ ಆಗೋದಿಲ್ಲ. ಪ್ರೊಸೆಸರ್ ಸತ್ತು ಹುಟ್ಟಿದ್ದು ನಿಮ್ಮ ಪ್ರೇಕ್ಷಕರಿಗೆ ತಿಳಿಯಬೇಕಾದ ಸುದ್ದಿ ಅಲ್ಲ.

ಮಾವ: ಲ್ಯಾಪ್‌ಟಾಪ್ ಹಾಕಿದಾಗ ಮಾತ್ರ ಎಲ್ಲ ಪೆಟ್ಟಿಗೆಯಲ್ಲೂ ಒಂದೇ ರೋಗ. ಬದಲಿಸಿದರೆ ಎರಡು ಮೂರು ಸೆಕೆಂಡ್ ಕಪ್ಪು.

ಸೊಸೆ: ಅದು ಎಚ್‌ಡಿಎಂಐನ ಜಾತಕ. ಲ್ಯಾಪ್‌ಟಾಪು ಚಿತ್ರ ಕೊಡುವ ಮೊದಲು ಪರದೆಯ ಇಡಿಡ್ ಓದ್ತದೆ, 128 ಬೈಟಿನ ತುಂಡುಗಳಲ್ಲಿ ಪರದೆ ಎಷ್ಟು ದೊಡ್ಡದು, ಏನೇನು ತೋರಿಸಬಲ್ಲದು ಅಂತ ಇರ್ತದೆ. ಸ್ವಿಚ್ ಬದಲಿಸಿದಾಗ ಪರದೆ ಬದಲಾಯ್ತು ಅಂದುಕೊಂಡು ಲ್ಯಾಪ್‌ಟಾಪು ಮತ್ತೆ ಮೊದಲಿಂದ ಕೇಳ್ತದೆ. ಮದ್ದು ಸುಲಭ. ಪರದೆ ಯಾವುದೇ ಇರಲಿ, ಪೆಟ್ಟಿಗೆಯೇ ಪ್ರತಿ ಇನ್‌ಪುಟ್‌ನಲ್ಲೂ ಒಂದು ಖಾಯಂ ಇಡಿಡ್ ಹಿಡಿದು ನಿಲ್ಲೋದು, ನಾನು 1080ರ ಪರದೆ ಅಂತ. ಲ್ಯಾಪ್‌ಟಾಪಿಗೆ ಹಿಂದೆ ಏನು ನಡೀತದೆ ಅಂತ ಗೊತ್ತೇ ಆಗೋದಿಲ್ಲ. ನಕಲು ತಡೆಯುವ ಎಚ್‌ಡಿಸಿಪಿ ಬೀಗ ಇರುವ ಚಿತ್ರ ಬಂದರೆ, ಅದನ್ನು ಒಪ್ಪದ ದಾರಿಯಲ್ಲಿ ಕಪ್ಪೇ, ಅದು ನಿಯಮದ ಕಪ್ಪು.

ಮಾವ: ಕಪ್ಪು ಅಂದಾಗ ನೆನಪಾಯ್ತು. ಕ್ಯಾಮೆರಾ ಸತ್ತರೆ ತಾನಾಗಿ ಇನ್ನೊಂದಕ್ಕೆ ಹೋಗುವ ಸೌಕರ್ಯ ಇದೆ ಅಂತ ಒಬ್ಬರು ನನಗೆ ಪೆಟ್ಟಿಗೆ ಮಾರಲಿಕ್ಕೆ ಬಂದಿದ್ದರು. 2024ರ ಜುಲೈ 16ಕ್ಕೆ ನಮ್ಮ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮೇಲೆ ಬಂತಲ್ಲ, ಆಗ ಕನ್ನಡದವರು, ಮಲಯಾಳದವರು, ಎಲ್ಲ ಚಾನೆಲ್‌ನವರೂ ಗಂಗಾವಳಿ ಹೊಳೆಯ ದಂಡೆಯಲ್ಲಿ ಲೈವ್ ನಿಂತಿದ್ದರು. ಹಲವು ಸಿಮ್ ಇರುವ ಚೀಲ ಬೆನ್ನಿಗೆ ಹಾಕಿಕೊಂಡು ಲೈವ್ ಕೊಡೋದಿದೆಯಲ್ಲ, ಒಂದು ಸಿಮ್ ಬಿದ್ದರೆ ಇನ್ನೊಂದು ಎಳೀತದೆ. ಅಂಥದ್ದಕ್ಕೆ ತಾನಾಗಿ ಆಗೋದು ಸರಿ. ಆಟಕ್ಕೆ ಸರಿಯಾ?

ಸೊಸೆ: ನಿಮಗೆ ಬೇಡ ಅನ್ನಿಸೋದು ಯಾಕೆ?

ಮಾವ: ದೊಡ್ಡ ವೇಷದ ಪ್ರವೇಶಕ್ಕೆ ಮೊದಲು ಕೆಲವು ಕಡೆ ದೀಪ ತೆಗೀತಾರೆ. ರಂಗಸ್ಥಳ ಪೂರ್ತಿ ಕತ್ತಲೆ, ಚಂಡೆ ಮಾತ್ರ. ನಿನ್ನ ಪೆಟ್ಟಿಗೆ ಕ್ಯಾಮೆರಾ ಸತ್ತಿತು ಅಂದುಕೊಂಡು ಆ ಹೊತ್ತಿಗೆ ಸರಿಯಾಗಿ ಮಸಾಲೆ ಪುಡಿ ತೋರಿಸಿದರೆ?

ಸೊಸೆ: ಕಪ್ಪು ಚಿತ್ರವೂ ಒಂದು ಚಿತ್ರವೇ. ಗೆರೆ ಬರ್ತಾ ಇದೆ, ತಾಳ ಇದೆ, ಬಣ್ಣ ಮಾತ್ರ ಕಪ್ಪು. ಸಿಗ್ನಲ್ ಹೋಗೋದು ಅಂದ್ರೆ ಗೆರೆಯೇ ಬಾರದ್ದು. ಎರಡನೆಯದನ್ನು ಮಾತ್ರ ನಂಬಬೇಕು, ಅದನ್ನೂ ಒಂದಿಷ್ಟು ಫ್ರೇಮ್ ಕಾದು.

ಮಾವ: ಹಸಿರು ಕಟ್ಟಿದ ಪಿನ್ ಇದೆಯಲ್ಲ, ಅದು ಹೋಗ್ತದೆ, ಬರ್ತದೆ, ಮತ್ತೆ ಹೋಗ್ತದೆ. ನಿನ್ನ ಪೆಟ್ಟಿಗೆಯೂ ಅದರ ಜೊತೆ ಅತ್ತ ಇತ್ತ ಕುಣಿದರೆ ಅದೇ ಒಂದು ಆಟ.

ಸೊಸೆ: ಹೋಗೋದು ತಾನಾಗಿ, ವಾಪಸು ಬರೋದು ಕೈಯಿಂದ. ಒಂದು ಸಲ ಬಿಟ್ಟುಹೋದ ಕ್ಯಾಮೆರಾ ಮತ್ತೆ ಬಂದಿದೆ ಅಂತ ದೀಪ ಮಿನುಗ್ತದೆ, ಆದರೆ ಮನುಷ್ಯರು ಒತ್ತುವವರೆಗೆ ಚಿತ್ರ ಬದಲಾಗೋದಿಲ್ಲ. ಯಾವುದು ಬಿದ್ದರೆ ಯಾವುದಕ್ಕೆ ಹೋಗಬೇಕು ಅನ್ನೋದೂ ಪಟ್ಟಿಯಲ್ಲಿ, ನೀವೇ ಬರೀರಿ. ಖಾನೆ ಖಾಲಿ ಬಿಟ್ಟರೆ ಪೆಟ್ಟಿಗೆ ಏನೂ ಮಾಡೋದಿಲ್ಲ.

ಮಾವ: ಲೈವ್‌ಗೆ ಮಾತ್ರ ಬರೀತೇನೆ. ರಂಗಸ್ಥಳದ ಒಂದು ಹೋದರೆ ಇನ್ನೊಂದು. ವಾಲ್‌ಗೆ ಖಾಲಿ. ಎದುರಿಗೆ ವೇಷವೇ ಇರುವಾಗ ವಾಲ್ ಕಪ್ಪಾದರೆ ಜನ ರಂಗಸ್ಥಳ ನೋಡ್ತಾರೆ, ಒಳ್ಳೇದೇ ಆಯ್ತು.

ಸೊಸೆ: ಇಷ್ಟಕ್ಕೆಲ್ಲ ಒಳಗಿನ ಕಟ್ಟೋಣ ಒಂದೇ. ಪಟ್ಟಿಗೆ ಯಜಮಾನ ಒಬ್ಬನೇ, ಒಂದೇ ಟಾಸ್ಕ್. ಪ್ಯಾನೆಲ್ ಬಟನ್ನು, ಮೊಬೈಲು, ನೆಟ್‌ವರ್ಕು, ತಾನಾಗಿ ಬದಲಾಗುವ ಈ ವ್ಯವಸ್ಥೆ, ಯಾರೇ ಆಗಲಿ ಅವನ ಬಾಗಿಲಲ್ಲಿ ಸಾಲು ನಿಂತು ಅರ್ಜಿ ಕೊಡಬೇಕು. ಅವನು ಒಪ್ಪಿದ್ದನ್ನು ಚಿಪ್ಪಿಗೆ ಕಳಿಸಿ, ಆದ ಮೇಲೆ ಎಲ್ಲರಿಗೂ ಸುದ್ದಿ ಹೇಳ್ತಾನೆ. ಎರಡು ಕಡೆಯಿಂದ ಒಂದೇ ಹೊತ್ತಿಗೆ ಒತ್ತಿದರೂ ಒಂದು ಮೊದಲು, ಇನ್ನೊಂದು ಆಮೇಲೆ. ಬೋರ್ಡ್ ಬದಲಾದರೆ ಕೊನೆಯ ತುದಿಯ ಒಂದು ಡ್ರೈವರ್ ಬದಲಾಗ್ತದೆ, ಉಳಿದದ್ದಕ್ಕೆ ಕೈ ಹಚ್ಚೋದಿಲ್ಲ.

ಮಾವ: ಹೇಳೋದೆಲ್ಲ ಚಂದ. ಪರೀಕ್ಷೆ ಎಲ್ಲಿ ಮಾಡ್ತೀ?

ಸೊಸೆ: ಬೆಂಗಳೂರಿನಲ್ಲಿ ಮೇಜಿನ ಮೇಲೆ ಮಾಡ್ತೇನೆ. ಆದರೆ ಉಪ್ಪುಗಾಳಿಯ ಬಿಎನ್‌ಸಿ ಅಲ್ಲಿ ಸಿಗೋದಿಲ್ಲ, ನಿಮ್ಮ ಹುಡುಗರೂ ಸಿಗೋದಿಲ್ಲ. ನಿಮ್ಮ ಒಂದು ನಿಜವಾದ ಲೈವ್‌ನಲ್ಲಿ ವಯರು ಕಿತ್ತು, ಪ್ಲಗ್ ಎಳೆದು ನೋಡಬೇಕು. ಮದುವೆ ಆದೀತಾ?

ಮಾವ: ಮದುವೆ ಬೇಡವೇ ಬೇಡ. ತಾಳಿ ಕಟ್ಟೋದು ಒಂದೇ ಸಲ, ಎರಡನೇ ಟೇಕ್ ಇಲ್ಲ.

ಸೊಸೆ: ಆಟದಲ್ಲಿ?

ಮಾವ: ಪದ್ಯದ ನಡುವೆ ನೀನು ಪ್ಲಗ್ ಎಳೆದರೆ ಭಾಗವತರು ಬಿಟ್ಟರೂ ಮುಂಬೈಯವರು ಬಿಡೋದಿಲ್ಲ. ಆಟದ ನಡುವೆ ಸನ್ಮಾನ ಕಾರ್ಯಕ್ರಮ ಇರ್ತದಲ್ಲ, ಶಾಲು, ಹಾರ, ಸ್ಮರಣಿಕೆ, ಐದಾರು ಭಾಷಣ. ಆಗ ಕಿತ್ತುಕೋ. ಎಷ್ಟು ಬೇಕಾದರೂ ಕಿತ್ತುಕೋ, ಒಬ್ಬರೂ ಫೋನ್ ಮಾಡೋದಿಲ್ಲ.

ಸೊಸೆ: ಭಾಷಣ ಮಾಡುವವರು ಮರುದಿನ ತಮ್ಮ ವಿಡಿಯೋ ಕೇಳ್ತಾರಲ್ಲ ಮಾವ?

ಮಾವ: ಅದಕ್ಕೇ ರೆಕಾರ್ಡಿಂಗ್ ಲೈನಿಗೆ ಬೀಗ ಕೇಳಿದ್ದು. ಅದೊಂದನ್ನು ಮೊದಲು ಬರೆದು ಮುಗಿಸು.